ಅಜ್ಜ ಏಳು ಸಲ ಸತ್ತ ಸಿನಿಮಾ

ಕಯೆಂಟಾದ ಸಮುದಾಯ ಭವನದಲ್ಲಿ ಕುರ್ಚಿ ಸಾಲದೆ
ಮಕ್ಕಳು ನೆಲದ ಮೇಲೆ, ಮುದುಕಿಯರು ಗೋಡೆಗೊರಗಿ.
ಬಿಳಿ ಬೆಡ್‌ಶೀಟೇ ಪರದೆ. ನಡುವೆ ಒಂದು ಮಡಿಕೆಯ ಗೆರೆ.
ಯಾರೇ ಕುದುರೆಯೇರಿ ಬರಲಿ
ಆ ಗೆರೆ ದಾಟುವಾಗ ತುಸು ಮುರಿಯುತ್ತಾರೆ.

ಅಗೋ, ಅಜ್ಜ.
ಮೊದಲ ಸಾವು: ನೀಲಿ ಕೋಟಿನವನ ಒಂದೇ ಗುಂಡಿಗೆ
ಕುದುರೆಯಿಂದ ಕೆಳಕ್ಕೆ, ಎರಡು ಪಲ್ಟಿ, ಧೂಳು.
ಎರಡನೆಯದು ಬಂಡೆಯ ಮೇಲಿಂದ.
ಮೂರನೆಯದರಲ್ಲಿ ಮುಖ ಕಾಣದು, ಆದರೆ ಬೂಟು ಅವನದೇ,
ಎಡಗಾಲಿನದು ಬಾಯಿ ಬಿಟ್ಟಿತ್ತು,
ಬೇಲಿಯ ತಂತಿಯಲ್ಲಿ ಬಿಗಿದಿದ್ದ.

ದಿನಕ್ಕೆ ಐದು ಡಾಲರು, ಬಿದ್ದರೆ ಮೇಲೆರಡು.
ಹೋಸ್ಕೀ ಬಿಟ್ಸಿಲಿ ಆ ಬೇಸಿಗೆ
ಬೀಳುವುದನ್ನೇ ಕಸುಬು ಮಾಡಿಕೊಂಡ.
ಮಂದೆ ಹೆಚ್ಚಾಯಿತೆಂದು ಸರ್ಕಾರದವರು
ಅವನ ಕುರಿಗಳನ್ನು ಕೊಂದು ಹಳ್ಳಕ್ಕೆ ಸುರಿದು
ಹದಿನೈದು ವರ್ಷವಾಗಿತ್ತು.
ಒಂದು ಸಾವಿಗೆ ಅರ್ಧ ಕುರಿ, ಎಂದು ಬೆರಳು ಮಡಚುತ್ತಿದ್ದ.
ಏಳು ಸಲ ಸತ್ತು ಮೂರು ಕುರಿ ಹೊಡೆದುಕೊಂಡು ಬಂದೆ,
ಉಳಿದರ್ಧ ಇನ್ನೂ ಅವರ ಹತ್ತಿರವೇ ಇದೆ.

ನಾವು ದಿನೇ ಜನ. ಸಿನಿಮಾದಲ್ಲಿ ಅಪಾಚಿ.
ಮರುವರ್ಷ ಬಂದ ಇನ್ನೊಂದರಲ್ಲಿ ಶಾಯೆನ್.
ಗರಿ ಬದಲಾದರೆ ಕುಲ ಬದಲಾಯಿತು.
ಕಥೆ ನಡೆಯುವುದು ಎಲ್ಲೋ ಕ್ಯಾನ್ಸಾಸಿನಲ್ಲಂತೆ;
ಹಿಂದೆ ನಿಂತ ನಮ್ಮ ಕೆಂಪು ಬಂಡೆಗಳಿಗೆ
ಯಾರೂ ಆ ಮಾತು ತಿಳಿಸಿರಲಿಲ್ಲ.

ಬಟ್ಟೆ ಒಗೆಯುವ ಚೀನೀಯನಿಗೆ ಒಂದೇ ಮಾತು.
ಕಪ್ಪು ಅಡುಗೆಯವನಿಗೆ ಅದೂ ಇಲ್ಲ,
ಕಾಫಿ ಬಗ್ಗಿಸಿ ಚೌಕಟ್ಟಿನಾಚೆ ಸರಿಯುತ್ತಾನೆ.
ಮಧ್ಯಾಹ್ನ ಮೂವರೂ ಒಂದೇ ಲಾರಿಯ ನೆರಳಲ್ಲಿ ಉಣ್ಣುತ್ತಿದ್ದರಂತೆ.
ಆ ನೆರಳು ಯಾವ ರೀಲಿನಲ್ಲೂ ಇಲ್ಲ.

ಮುಖಂಡನ ಮಗಳಾಗಿ ಬೂದುಗಣ್ಣಿನ ನಟಿ,
ಮೈಗೆಲ್ಲ ಬಳಿದ ಕಂದು. ಬೆವರಿಗೆ ಬಣ್ಣ ಇಳಿದು
ಕುತ್ತಿಗೆಯ ಬಳಿ ಗುಟ್ಟು ರಟ್ಟಾಗಿದೆ.
ಮಗ್ಗದ ಮುಂದೆ ಕೂತವಳು ಅವಳೇ.
ಆದರೆ ಹತ್ತಿರದಿಂದ ತೋರಿಸುವಾಗ, ನೂಲಿನ ನಡುವೆ
ಓಡಾಡುವ ಆ ಎರಡು ಕೈ
ನನ್ನ ಅಜ್ಜಿಯವು.
ಬಲಗೈಯ ಕಿರುಬೆರಳು ಮಡಚುವುದಿಲ್ಲ, ನೋಡಿ.
ಹನ್ನೊಂದು ಸೆಕೆಂಡು. ಎಣಿಸಿದ್ದೇನೆ.
ಅಜ್ಜಿಯ ಬೇರೆ ಚಿತ್ರ ನಮ್ಮಲ್ಲಿಲ್ಲ.
ಮಣಿಕಟ್ಟಿನಿಂದ ಮೇಲಕ್ಕೆ ಆಕೆ ಹೇಗಿದ್ದಳೆಂಬುದಕ್ಕೆ
ಅಮ್ಮನ ಮಾತನ್ನೇ ನಂಬಬೇಕು.

ಐದನೇ ಸಾವಿಗೂ ಆರನೆಯದಕ್ಕೂ ನಡುವೆ
ಅಜ್ಜನಿಗೊಂದು ಮಾತು ಸಿಕ್ಕಿತು.
ತಲೆಗೆ ಎರವಲು ಗರಿ, ಕೆನ್ನೆಗೆ ಸುಣ್ಣದ ಗೆರೆ,
ತೋಳೆತ್ತಿ ಗುಡುಗುತ್ತಾನೆ.
ಪರದೆಯಡಿಯಲ್ಲಿ ಇಂಗ್ಲಿಷ್ ಅಕ್ಷರ:
‘ಹುಣ್ಣಿಮೆಗೆ ಮುನ್ನ ಆ ಕೋಟೆ ಬೂದಿಯಾಗಲಿ!’
ನಮ್ಮ ನುಡಿಯಲ್ಲಿ ಅವನು ಅಂದದ್ದು:
‘ಎಲೇ, ಕ್ಯಾಮೆರಾ ಹಿಂದೆ ನಿಂತವಳೇ,
ನಮ್ಮ ಕರಿ ಮೇಕೆ ಹಗ್ಗ ಬಿಚ್ಚಿಕೊಂಡು
ಇವರ ಬ್ರೆಡ್ಡಿನ ಚೀಲಕ್ಕೆ ಬಾಯಿ ಹಾಕಿದೆ.
ಓಡಿಸಬೇಡ. ತಿನ್ನಲಿ!’

ಪೂರ್ವದ ಪಟ್ಟಣಗಳಲ್ಲಿ ಇಲ್ಲಿಗೆ ಬಂದಾಗ
ಹೆಂಗಸರು ಗಂಡಂದಿರ ಕೈ ಹಿಡಿಯುತ್ತಿದ್ದರಂತೆ.
ಇಲ್ಲಿ ಮುದುಕಿಯರು ಹೊಟ್ಟೆ ಹಿಡಿದುಕೊಂಡರು,
ಒಬ್ಬಳ ಹಲ್ಲುಸೆಟ್ಟು ಮಡಿಲಿಗೆ ಬಿತ್ತು.
ಇನ್ನೊಮ್ಮೆ, ಇನ್ನೊಮ್ಮೆ, ಎಂದರು.
ರೀಲು ಹಿಂದಕ್ಕೆ ಸುತ್ತಿತು:
ಸತ್ತವರೆಲ್ಲ ಧೂಳು ಕುಡಿದುಕೊಂಡು ಎದ್ದರು,
ಬೆನ್ನು ಮುಂದಾಗಿ ಕುದುರೆಗೆ ಹಾರಿದರು,
ಗುಂಡುಗಳು ಬಂದೂಕಿಗೆ ಮರಳಿದವು.

ನನ್ನ ಮಗಳು ಶಾಂಡೀನ್,
ಹಾಗೆಂದರೆ ನಮ್ಮಲ್ಲಿ ಬಿಸಿಲು,
ಅವಳೂ ನಕ್ಕಳು. ಎಲ್ಲರೂ ನಕ್ಕರೆಂದು,
ಅರ್ಧ ಉಸಿರು ತಡವಾಗಿ.
ಆಮೇಲೆ ತೋಳು ಜಗ್ಗಿ ಕೇಳಿದಳು, ಇಂಗ್ಲಿಷಿನಲ್ಲೇ:
ಅಮ್ಮಾ, ಮುತ್ತಜ್ಜ ಏನಂದ?

ಹೇಳಬೇಕೆಂದು ಬಾಯಿ ತೆರೆದೆ.
ಅವಳ ಕಣ್ಣು ಆಗಲೇ ಬೆಡ್‌ಶೀಟಿನ ಅಂಚಿಗಿಳಿದಿತ್ತು.
ಕೋಟೆ ಬೂದಿಯಾಗಲಿ ಎಂಬುದನ್ನು
ಗಾಳಿಯಲ್ಲಿ ಬೆರಳಿಟ್ಟು, ಒಂದೊಂದೇ ಪದ,
ನಿಧಾನ ಓದುತ್ತಿದ್ದಳು.